ಅಳೆಯದೆ ಹೇಳದ ಶ್ರೀಕಂಠಯ್ಯನವರು

ಮೀನು ಗಾಳಕ್ಕೆ ಸಿಕ್ಕ ಮೇಲೆ ಶ್ರೀಕಂಠಯ್ಯನವರು ಮೊದಲು ಮಾಡುತ್ತಿದ್ದ ಕೆಲಸ ಅದರ ಕ್ಷಮೆ ಕೇಳುವುದು. "ಎರಡೇ ನಿಮಿಷ ಕಣಪ್ಪಾ, ಆಯ್ತು, ಆಗೇ ಹೋಯ್ತು" ಎಂದು, ಚುಚ್ಚುಮದ್ದು ಕೊಡುವ ಡಾಕ್ಟರು ಮಗುವನ್ನು ರಮಿಸುವ ಹಾಗೆ ರಮಿಸುತ್ತ, ಒದ್ದೆ ಕೈಯಲ್ಲಿ ಅದರ ಬಾಯಿಂದ ಕೊಕ್ಕೆ ಬಿಡಿಸುವರು. ಆಮೇಲೆ ಅಂಗಿಯ ಜೇಬಿನಿಂದ ಟೇಪು ತೆಗೆದು ಮೂತಿಯಿಂದ ಬಾಲದ ತುದಿಯವರೆಗೆ ಅಳೆಯುವರು. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವರು. ಕೊನೆಗೆ ಎರಡೂ ಕೈಯಲ್ಲಿ ಹಿಡಿದು ನೀರಿಗೆ ಬಿಟ್ಟು, ಅದು ಕಣ್ಮರೆಯಾಗುವವರೆಗೆ ನೋಡುತ್ತ ನಿಲ್ಲುವರು.

ಅವರು ನಂಜನಗೂಡಿನ ಕಡೆಯವರು. ಹುಟ್ಟಿದಾಗಿನಿಂದ ಮೀನು ತಿಂದವರಲ್ಲ. ಕೇಕಿಗೆ ಮೊಟ್ಟೆ ಹಾಕಿದ್ದಾರೆಂದು ಗೊತ್ತಾದರೆ ಹುಟ್ಟುಹಬ್ಬದ ಮನೆಯಲ್ಲೂ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುವ ಪೈಕಿ. ಸಿಂಗಾಪುರದ ಸೆಲೆಟಾರ್‌ನಲ್ಲಿ ವಿಮಾನ ದುರಸ್ತಿ ಮಾಡುವ ಒಂದು ಕಂಪನಿಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದರು. ಬೇರೆಯವರು ಬಿಗಿದ ನಟ್ಟು ಬೋಲ್ಟುಗಳನ್ನು ಪರೀಕ್ಷಿಸಿ, ಸರಿಯಿದೆ ಎಂದು ಸಹಿ ಹಾಕುವುದು ಅವರ ಉದ್ಯೋಗ. ರಕ್ತದೊತ್ತಡ ಏರಿದೆ, ಏನಾದರೂ ಹವ್ಯಾಸ ಇಟ್ಟುಕೊಳ್ಳಿ ಎಂದು ಡಾಕ್ಟರು ಹೇಳಿದಾಗ ಇಸ್ಪೀಟು, ಯೋಗ, ವೀಣೆ ಮೂರನ್ನೂ ಒಂದೊಂದು ತಿಂಗಳು ಪರೀಕ್ಷಿಸಿ, ಮೂರಕ್ಕೂ ಸಹಿ ಹಾಕದೆ ಬಿಟ್ಟಿದ್ದರಂತೆ. ಆಮೇಲೊಂದು ದಿನ ಸಹೋದ್ಯೋಗಿಯೊಬ್ಬ ಕೆರೆಯ ದಂಡೆಯಲ್ಲಿ "ಐದು ನಿಮಿಷ ಹಿಡಿದುಕೊಂಡಿರಿ" ಎಂದು ತನ್ನ ಗಾಳದ ಕೋಲನ್ನು ಇವರ ಕೈಗೆ ಕೊಟ್ಟು ಟಾಯ್ಲೆಟ್ಟಿಗೆ ಹೋಗಿದ್ದ. ಅವನು ವಾಪಸ್ಸು ಬಂದು ಕೇಳಿದಾಗ ಇವರು ಕೋಲು ಕೊಡಲಿಲ್ಲ.

ನಾನು ಮಲ್ಪೆಯವನು. ತೊಂಬತ್ತರ ದಶಕದ ಶುರುವಿನಲ್ಲಿ ಜುರಾಂಗ್‌ನ ಒಂದು ಕೆಮಿಕಲ್ ಕಾರ್ಖಾನೆಗೆ ಕೆಲಸಕ್ಕೆ ಬಂದು, ಹೆಂಡತಿ ಸುಮತಿಯೊಂದಿಗೆ ಟೋವಾ ಪಾಯೋದಲ್ಲಿ ಬಾಡಿಗೆಗೆ ಮನೆ ಹಿಡಿದಿದ್ದೆ. ಶ್ರೀಕಂಠಯ್ಯನವರ ಮನೆ ಅದೇ ಬ್ಲಾಕಿನಲ್ಲಿ, ನಮಗಿಂತ ಮೂರು ಮಹಡಿ ಮೇಲೆ. ಲಿಫ್ಟಿನಲ್ಲಿ ಕನ್ನಡ ಕೇಳಿಸಿ ಪರಿಚಯವಾಯಿತು. ನನ್ನ ಊರು ಯಾವುದೆಂದು ತಿಳಿದ ಕೂಡಲೇ ಅವರ ಮುಖ ಅರಳಿದ್ದು ನೆನಪಿದೆ.

"ಮಲ್ಪೇನಾ? ಹಾಗಾದ್ರೆ ಮೀನಿನ ವಾಸನೆ ನಿಮಗೆ ಪ್ರಾಬ್ಲಮ್ ಇಲ್ಲ ಅನ್ನಿ."

"ಇಲ್ಲ ಅಂಕಲ್. ಯಾಕೆ?"

"ಒಂದು ಬ್ಯಾಗ್ ಇಡ್ಬೇಕಿತ್ತು ಕಣ್ರೀ, ನಿಮ್ಮನೇಲಿ."

ಆ ಬ್ಯಾಗು ಬಂತು. ಅದರೊಳಗೆ ಒಂದು ಹಳೆಯ ಪ್ಯಾಂಟು, ಒಂದು ಅಂಗಿ, ರಬ್ಬರ್ ಚಪ್ಪಲಿ. ಹಿಂದೆಯೇ ಗಾಳದ ಕೋಲುಗಳೂ ಬಂದವು. ಭಾನುವಾರ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಬಿಳಿ ಅಂಗಿ ತೊಟ್ಟು ಮೇಲಿನಿಂದ ಇಳಿದು ಬರುವರು. ನಮ್ಮ ಮನೆಯಲ್ಲಿ ವೇಷ ಬದಲಿಸಿ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿ ಸೆಲೆಟಾರ್ ಜಲಾಶಯಕ್ಕೆ ಹೊರಡುವರು. ಮಧ್ಯಾಹ್ನ ವಾಪಸ್ಸು ಬಂದು, ನಮ್ಮ ಬಚ್ಚಲಿನಲ್ಲೇ ತಲೆಗೆ ಸ್ನಾನ ಮಾಡಿ, ಮತ್ತೆ ಬಿಳಿ ಅಂಗಿ ತೊಟ್ಟು ಮೇಲೆ ಹೋಗುವರು. ಈ ಏರ್ಪಾಡು ಆರು ವರ್ಷ ನಡೆಯಿತು.

ಇದರಿಂದ ಕುದಿಯುತ್ತಿದ್ದವಳು ಸುಮತಿ.

"ಎಂತ ಕರ್ಮ ಮಾರಾಯ್ರೆ!" ಎಂದು ಅವರು ಅತ್ತ ಹೋದ ಮೇಲೆ ನನ್ನ ಮೇಲೆ ಹರಿಹಾಯುವಳು. "ಮೀನು ಕೆರೆಗೆ, ಪುಣ್ಯ ಅವರಿಗೆ, ವಾಸನೆ ಮಾತ್ರ ನಮ್ಮ ಮನೆಗೆ. ಒಂದು ಸಾರಿಗಾದ್ರೂ ಒಂದು ಮೀನು ತರ್ಲಿಕ್ಕಾಗುದಿಲ್ವಾ ನಿಮ್ಗೆ?"

ಮೇಲಿನ ಮನೆಯ ಜಯಾ ಆಂಟಿಗೆ, ಅಂದರೆ ಶ್ರೀಕಂಠಯ್ಯನವರ ಹೆಂಡತಿಗೆ, ಗಂಡ ಎಲ್ಲಿಗೆ ಹೋಗುತ್ತಾರೆಂದು ತಿಳಿಯದೆಂದೇ ನಾನು ಬಹಳ ದಿನ ನಂಬಿದ್ದೆ. ಒಮ್ಮೆ ಅವರೇ ನನ್ನನ್ನು ಲಿಫ್ಟಿನಲ್ಲಿ ಹಿಡಿದರು.

"ಪ್ರಭಾಕರ್, ನಮ್ಮನೆ ಸ್ಪೂನ್ ಎಲ್ಲಾ ಎಲ್ಲಿಗೆ ಹೋಗ್ತಿದೆ? ಡ್ರಾಯರ್ ತೆಗೆದ್ರೆ ಬರೀ ಹಿಡಿ ಇದೆ. ತಲೇನೇ ಇಲ್ಲ."

ನಾನು ನೆಲ ನೋಡಿದೆ. ಹುಳವನ್ನೋ ಮರಿಮೀನನ್ನೋ ಕೊಕ್ಕೆಗೆ ಚುಚ್ಚುವುದು ಹಿಂಸೆ ಎಂದು ಶ್ರೀಕಂಠಯ್ಯನವರು ಸ್ಟೀಲ್ ಚಮಚದ ತಲೆ ಕತ್ತರಿಸಿ, ತೂತು ಕೊರೆದು, ಕೆಂಪು ನೇಲ್‌ಪಾಲಿಶಿನಿಂದ ಕಣ್ಣು ಬರೆದು ನಕಲಿ ಮೀನು ತಯಾರಿಸುತ್ತಿದ್ದರು. ನೀರಿನಲ್ಲಿ ಎಳೆದರೆ ಅದು ಥೇಟು ಸಣ್ಣ ಮೀನಿನಂತೆ ಥಳಥಳಿಸುತ್ತಿತ್ತು.

"ಗೊತ್ತು ಬಿಡಿ," ಎಂದರು ಆಂಟಿ. "ನೇಲ್‌ಪಾಲಿಶೂ ನಂದೇ. ಕೇಳಕ್ಕೆ ಹೋದ್ರೆ ಬೇಜಾರಾಗಿ ಭಾನುವಾರ ಪೂರ್ತಿ ಮನೇಲೇ ಕೂತ್ಕೋತಾರೆ. ಫ್ರಿಜ್ ಬಾಗಿಲು ಸರಿಯಾಗಿ ಹಾಕಿದೀಯಾ, ಗ್ಯಾಸ್ ನಾಬ್ ತಿರುಗಿಸಿದೀಯಾ ಅಂತ ಇಡೀ ಮನೆ ಇನ್‌ಸ್ಪೆಕ್ಷನ್ ಮಾಡ್ತಾರೆ. ಅದಕ್ಕಿಂತ ಮೀನೇ ವಾಸಿ."

ಶ್ರೀಕಂಠಯ್ಯನವರು ಬೆನ್ನು ಹತ್ತಿದ್ದು ಪೀಕಾಕ್ ಬಾಸ್ ಎಂಬ ಒಂದೇ ಜಾತಿಯ ಮೀನಿನದು. ಹಳದಿ ಹಸಿರು ಮೈ, ಮೇಲೆ ಮೂರು ಕಪ್ಪು ಪಟ್ಟೆ, ಬಾಲದಲ್ಲಿ ನವಿಲುಗರಿಯ ಕಣ್ಣು. ನಕಲಿ ಮೀನನ್ನು ಕಂಡರೆ ಹಸಿವಿಗಲ್ಲ, ಸಿಟ್ಟಿಗೇ ಮೇಲೆ ಬೀಳುತ್ತದೆ. ದಂಡೆಯಲ್ಲಿ ನಾವು ಮಾತಾಡುವ ಹಾಗಿರಲಿಲ್ಲ. ನಾನು ಬಾಯಿ ತೆರೆದರೆ "ಶ್" ಎನ್ನುವರು. ಆದರೆ ಅಕ್ಕಪಕ್ಕದವರು ತಮ್ಮ ಮೀನಿನ ಕಥೆ ಹೇಳುವುದು ಕೇಳಿಸಿದರೆ ಸುಮ್ಮನಿರಲಾರರು. ಯಾರೋ "ಇಷ್ಟುದ್ದ ಇತ್ತು" ಎಂದು ಕೈ ಅಗಲಿಸಿದರೆ, ಹೋಗಿ ಆ ಎರಡು ಕೈಗಳ ನಡುವೆ ಟೇಪು ಹಿಡಿದು, "ಫಾರ್ಟಿ ಸೆವೆನ್ ಸೆಂಟಿಮೀಟರ್. ಶೂರ್?" ಎಂದು ಕೇಳುವರು. ಆ ದಂಡೆಯಲ್ಲಿ ಮೀನುಗಳೆಲ್ಲ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತ ಹೋದದ್ದು ಅವರಿಂದಲೇ.

ಸುಮತಿಯ ಮಾತು ಕೇಳಿ ಕೇಳಿ ಒಂದು ಭಾನುವಾರ ನಾನು ಕೆಟ್ಟ ಕೆಲಸ ಮಾಡಿದೆ. ನನ್ನ ಗಾಳಕ್ಕೆ ಬಿದ್ದ ಒಳ್ಳೆಯ ಮೀನೊಂದನ್ನು, ಅವರು ಆಚೆ ತಿರುಗಿದ್ದಾಗ, ಒದ್ದೆ ಟವೆಲಿನಲ್ಲಿ ಸುತ್ತಿ ನನ್ನ ಚೀಲದೊಳಗೆ ಇಳಿಸಿದೆ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತೆ. ನಾಲ್ಕನೇ ಸ್ಟಾಪಿನಲ್ಲಿ ಚೀಲ ಎಗರಿತು. ಎದುರಿನ ಸೀಟಿನ ಮುದುಕಿ "ಅಯ್ಯಾ!" ಎಂದು ಕಾಲು ಮೇಲಕ್ಕೆತ್ತಿದಳು. ಚೀಲ ಇನ್ನೊಮ್ಮೆ ಎಗರಿತು. ಶ್ರೀಕಂಠಯ್ಯನವರು ಚೀಲವನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಬೆಲ್ ಒತ್ತಿದರು.

ಇಬ್ಬರೂ ಇಳಿದೆವು. ಅವರು ತಮ್ಮ ಕುಡಿಯುವ ನೀರನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿಗೆ ಸುರಿದು ಮೀನನ್ನು ಅದರಲ್ಲಿಟ್ಟು, ಜಲಾಶಯಕ್ಕೆ ವಾಪಸ್ಸು ಹೋಗಲು ಟ್ಯಾಕ್ಸಿಗೆ ಕೈ ಮಾಡಿದರು. ಮೊದಲನೆಯವನು ಕವರು ನೋಡಿಯೇ ಹೋದ. ಎರಡನೆಯವನೂ ಹಾಗೇ. ಮೂರನೆಯ ಟ್ಯಾಕ್ಸಿ ನಿಲ್ಲುವ ಹೊತ್ತಿಗೆ ಕವರಿನಲ್ಲಿ ಚಲನೆ ಇರಲಿಲ್ಲ. ನಾನು ಬೈಗುಳಕ್ಕೆ ಸಿದ್ಧನಾದೆ.

"ಮನೆಗೆ ತಗೊಂಡು ಹೋಗಿ," ಎಂದರು. "ಸತ್ತ ಮೇಲೆ ವೇಸ್ಟ್ ಮಾಡ್ಬಾರ್ದು. ಸುಮತಿಯವರಿಗೆ ಕೊಡಿ."

"ಸಾರಿ ಅಂಕಲ್. ನಿಮಗೆ ನೋವಾಗತ್ತೆ ಅಂತ..."

"ನೀವು ತಿನ್ನೋದಕ್ಕೆ ನನಗೇನ್ರೀ ನೋವು? ನಿಮ್ಮಪ್ಪ ತಾತ ತಿಂದಿಲ್ವಾ? ಕದ್ದು ತಂದ್ರಲ್ಲ, ಅದು ಸರಿಹೋಗ್ಲಿಲ್ಲ. ಹೇಳಿದ್ರೆ ಚೀಲ ನಾನೇ ಹಿಡ್ಕೋತಿದ್ದೆ."

ಆಮೇಲೆ ಅಲ್ಲೇ ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಸತ್ತ ಮೀನಿನ ಉದ್ದ ಅಳೆದು ಬರೆದುಕೊಂಡರು. ಅಂದು ಸುಮತಿ ಮಾಡಿದ ಸಾರು ಚೆನ್ನಾಗಿತ್ತು. ನನಗೆ ಮಾತ್ರ ಸರಿಯಾಗಿ ಇಳಿಯಲಿಲ್ಲ. ಅವಳು ಎರಡು ಸಲ ಬಡಿಸಿಕೊಂಡಳು.

ಮೇ ದಿನದ ರಜೆ ವಾರಾಂತ್ಯಕ್ಕೆ ಅಂಟಿಕೊಂಡು ಬಂದ ವರ್ಷ ನಾವಿಬ್ಬರೇ ಮಲೇಷಿಯಾಕ್ಕೆ ಹೋದೆವು. ಪೆರಾಕ್ ಸೀಮೆಯಲ್ಲಿ ಹಳೆಯ ತವರದ ಗಣಿಗಳು ನೀರು ತುಂಬಿ ಕೆರೆಗಳಾಗಿದ್ದವು. ಅಂಥ ಒಂದು ಕೆರೆಯ ದಂಡೆಯಲ್ಲಿ, ಮೀನು ಹಿಡಿಯುವವರಿಗೆಂದೇ ಮಿಸೆಸ್ ಲಿಮ್ ಎಂಬ ವಿಧವೆ ಒಂದು ಲಾಡ್ಜ್ ನಡೆಸುತ್ತಿದ್ದಳು. ಆರು ಕೋಣೆ, ಎರಡು ದೋಣಿ, ಅಡುಗೆಮನೆಯ ಪಕ್ಕದ ಗೋಡೆಯ ಮೇಲೊಂದು ಬೋರ್ಡು. ಬೋರ್ಡಿನ ತುಂಬ ದೊಡ್ಡ ದೊಡ್ಡ ಮೀನು ಎತ್ತಿ ಹಿಡಿದವರ ಫೋಟೋ. ಎಲ್ಲಕ್ಕಿಂತ ಮೇಲೆ ಕ್ವಾಲಾಲಂಪುರದ ಒಬ್ಬ ದಂತವೈದ್ಯ, ಕೈಯಲ್ಲಿ ನಾಲ್ಕು ಕಿಲೋ ಚಿಲ್ಲರೆಯ ಬಾಸ್.

"ನೋ ವೇಯ್, ನೋ ಫೋಟೋ ಲಾ," ಎಂದಳು ಮಿಸೆಸ್ ಲಿಮ್, ದೋಣಿ ನಿಲ್ಲಿಸುವ ಕಟ್ಟೆಯ ಕೊನೆಯಲ್ಲಿ ತೂಗುಹಾಕಿದ್ದ ತಕ್ಕಡಿ ತೋರಿಸಿ. ಅಲ್ಲಿ ತೂಗದ ಮೀನಿಗೆ ಬೋರ್ಡಿನಲ್ಲಿ ಜಾಗವಿಲ್ಲ.

"ವೆರಿ ಗುಡ್ ರೂಲ್," ಎಂದರು ಶ್ರೀಕಂಠಯ್ಯನವರು, ಮನಸಾರೆ.

ಊಟದ ಹೊತ್ತಿಗೆ ತಾವು ಸಸ್ಯಾಹಾರಿ ಎಂದಾಗ ಅವಳು ತಲೆಯಾಡಿಸಿ ಒಳಗೆ ಹೋದಳು. ಬರುವಾಗ ಇಡೀ ಮೀನನ್ನು ಶುಂಠಿ ಹಾಕಿ ಬೇಯಿಸಿ ತಂದಿಟ್ಟಳು. "ನೋ ಮೀಟ್. ಫಿಶ್ ಓನ್ಲಿ!" ಇವರು ಕೈಮುಗಿದು, ಅದನ್ನು ನನ್ನ ಕಡೆಗೆ ತಳ್ಳಿ, ಜಯಾ ಆಂಟಿ ಕಟ್ಟಿಕೊಟ್ಟಿದ್ದ ಪುಳಿಯೋಗರೆ ಬಿಚ್ಚಿದರು. ಮೀನು ತಿನ್ನದವನು ಮೀನು ಹಿಡಿಯಲು ಗಡಿ ದಾಟಿ ಬಂದದ್ದೇಕೆ ಎಂದು ಅವಳು ಎರಡು ದಿನವೂ ನನ್ನನ್ನು ಗುಟ್ಟಾಗಿ ಕೇಳುತ್ತಲೇ ಇದ್ದಳು.

ಎರಡನೆಯ ದಿನ ಬೆಳಿಗ್ಗೆ ದೋಣಿಯಲ್ಲಿ ಕೆರೆಯ ಆಚೆ ಮೂಲೆಗೆ ಹೋದೆವು. ಮುಳುಗಿದ ಒಂದು ಮರದ ಪಕ್ಕ ಚಮಚದ ಮೀನು ಬಿದ್ದದ್ದೇ ತಡ, ನೀರು ಸ್ಫೋಟಿಸಿತು. ಕೋಲು ಬಿಲ್ಲಾಯಿತು. ದೋಣಿಯೇ ಅರ್ಧ ಸುತ್ತು ತಿರುಗಿತು. ನಾನು ಸಿಂಗಾಪುರವನ್ನೆಲ್ಲ ಮರೆತು ಮಲ್ಪೆಯ ಬಂದರಿನ ಭಾಷೆಯಲ್ಲಿ ಅರಚತೊಡಗಿದೆ. ಶ್ರೀಕಂಠಯ್ಯನವರು ತುಟಿ ಬಿಗಿಹಿಡಿದಿದ್ದರು. ವಿಭೂತಿ ಬೆವರಲ್ಲಿ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಇಪ್ಪತ್ತು ನಿಮಿಷವಾಗಿರಬೇಕು, ಮೀನು ಬಲೆಯೊಳಗೆ ಬಂತು. ಮಲ್ಪೆಯಲ್ಲಿ ಬೆಳೆದ ನಾನು ದೊಡ್ಡ ಮೀನು ಕಾಣದವನಲ್ಲ. ಆದರೂ ಹೇಳುತ್ತೇನೆ, ದಂತವೈದ್ಯನ ಮೀನು ಇದರ ಮುಂದೆ ಮರಿ.

"ಎರಡೇ ನಿಮಿಷ ಕಣಪ್ಪಾ," ಎಂದರು ಅವರು. ಎರಡೂ ಕೈಯಲ್ಲಿ ಮೀನು ಹಿಡಿದಿದ್ದರಿಂದ ಮೊದಲ ಬಾರಿಗೆ ನನಗೆ ಹೇಳಿದರು: "ಪ್ರಭಾಕರ್, ಜೇಬಿಂದ ಟೇಪ್ ತೆಗೀರಿ."

ತೆಗೆದೆ. ನನ್ನ ಕೈ ತುಂಬ ಲೋಳೆ. ಟೇಪು ಜಾರಿ, ದೋಣಿಯ ಅಂಚಿಗೆ ಟಣ್ಣೆಂದು ಬಡಿದು, ಕೆರೆಗೆ ಬಿತ್ತು.

ಇಬ್ಬರೂ ಅದು ಮುಳುಗಿದ ಜಾಗವನ್ನೇ ನೋಡಿದೆವು. ಆಗಲೇ ಅವರಿಗೆ ಇನ್ನೊಂದು ಕಂಡದ್ದು. ಮರದ ಬುಡದಲ್ಲಿ ಮಸಿ ಚೆಲ್ಲಿದಂತೆ ಒಂದು ಮೋಡ. ನೂರಾರು ಮರಿಗಳು. ಈ ಜಾತಿಯಲ್ಲಿ ಅಪ್ಪ ಅಮ್ಮ ಮರಿಗಳ ಕಾವಲಿಗೆ ನಿಲ್ಲುತ್ತವೆ. ಕಾವಲಿಗಿದ್ದ ಮೀನು ಅವರ ಕೈಯಲ್ಲಿತ್ತು. ಬೇರೆ ಮೀನುಗಳು ಆಗಲೇ ಮೋಡದ ಅಂಚಿಗೆ ನುಗ್ಗತೊಡಗಿದ್ದವು.

"ಅಂಕಲ್, ಬಕೆಟ್ಟಲ್ಲಿ ಹಾಕ್ಕೊಂಡು ಹೋಗೋಣ. ತೂಕ ಮಾಡ್ಸಿ ಇಲ್ಲಿಗೇ ತಂದು ಬಿಡೋಣ. ಅರ್ಧ ಗಂಟೆ."

"ಅರ್ಧ ಗಂಟೆ ಬಿಟ್ಟು ಬಂದ್ರೆ ಯಾರಿಗೆ ಕಾವಲು ಕಾಯತ್ತೆ?"

"ಇಷ್ಟು ವರ್ಷದಿಂದ ಇದಕ್ಕೇ ಅಲ್ವಾ..."

ಅವರು ಮೀನನ್ನು ನೀರಿನಲ್ಲೇ ಒಂದು ಕ್ಷಣ ತಬ್ಬಿ ಹಿಡಿದಿದ್ದು, ಕೈ ಸಡಿಲಿಸಿದರು. ಅದು ನೆಟ್ಟಗೆ ಮೋಡದ ಕಡೆ ಹೋಯಿತು.

ಕಟ್ಟೆ ಮುಟ್ಟುವ ಮೊದಲೇ ನಾನು ಕೂಗಿ ಸುದ್ದಿ ಹೇಳಿದೆ. ಮಿಸೆಸ್ ಲಿಮ್ ಕ್ಯಾಮೆರಾ ಹಿಡಿದು ಓಡಿಬಂದಳು. ನಾನು ಎರಡೂ ಕೈ ಅಗಲಿಸಿದೆ. ಅವಳು ನಕ್ಕಳು. ಕೈ ಅಗಲಿಸಿದ ಗಂಡಸರನ್ನು ಅವಳು ಜೀವಮಾನವಿಡೀ ಕಂಡಿದ್ದಳು.

"ಮಿಸ್ಟರ್ ಶ್ರೀ, ಯೂ ಟೆಲ್. ಹೌ ಬಿಗ್?"

ಶ್ರೀಕಂಠಯ್ಯನವರು ಕೈ ಒರೆಸಿಕೊಂಡರು. ನಾನು ಕಣ್ಣಲ್ಲೇ ಬೇಡಿದೆ. ಒಂದು ಮಾತು ಹೇಳಿದ್ದರೆ ಸಾಕಿತ್ತು.

"ಐ ಡೋಂಟ್ ನೋ. ನಾಟ್ ಮೆಷರ್ಡ್."

"ಗೆಸ್ ಲಾ!"

"ಐ ಡೋಂಟ್ ಗೆಸ್, ಮೇಡಂ." ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದರು: "ಗೆಸ್ ಮಾಡಿ ಸಹಿ ಹಾಕೋದಾದ್ರೆ ವಿಮಾನ ಮೇಲೆ ಇರ್ತಿತ್ತೇನ್ರೀ?"

ಮಿಸೆಸ್ ಲಿಮ್ ನಗುವುದನ್ನು ನಿಲ್ಲಿಸಿದಳು. ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ತಾನು ಹಿಡಿದ ಮೀನು ಎಷ್ಟು ದೊಡ್ಡದೆಂದು ಗೊತ್ತಿಲ್ಲ ಎನ್ನುವ ಮನುಷ್ಯ ಅವಳ ಕಟ್ಟೆಗೆ ಬಂದದ್ದು ಅದೇ ಮೊದಲಂತೆ. ಅವರನ್ನು ತಕ್ಕಡಿಯ ಪಕ್ಕ ನಿಲ್ಲಿಸಿ, ಬರಿಗೈಯಲ್ಲೇ ಫೋಟೋ ತೆಗೆದಳು. ಕ್ಯಾಮೆರಾದಿಂದ ಆಗಿಂದಾಗಲೇ ಹೊರಬಂದ ಆ ಚಿತ್ರವನ್ನು ಬೀಸಿ ಆರಿಸಿ, ಬೋರ್ಡಿನಲ್ಲಿ ದಂತವೈದ್ಯನ ಪಕ್ಕಕ್ಕೇ ಚುಚ್ಚಿದಳು. ರೂಲಿನ ಪ್ರಕಾರ ಇದು ತಪ್ಪೆಂದು ಶ್ರೀಕಂಠಯ್ಯನವರು ಬಹಳ ವಾದಿಸಿದರು. ಅವಳು ಕೇಳದಿದ್ದಾಗ ಪೆನ್ನು ತೆಗೆದು ಚಿತ್ರದ ಕೆಳಗೆ ದುಂಡಗೆ ಬರೆದರು: 'ಉದ್ದ: ಗೊತ್ತಿಲ್ಲ. ತೂಕ: ಗೊತ್ತಿಲ್ಲ.' ಕೆಳಗೆ ಸಹಿ ಹಾಕಿದರು.

ವಾಪಸ್ಸು ಬರುವ ಬಸ್ಸಿನಲ್ಲಿ ಅವರು ನಿದ್ದೆ ಹೋದಾಗ ನೋಟ್‌ಬುಕ್ಕು ಸೀಟಿನ ಮೇಲೆ ಜಾರಿತ್ತು. ಆ ದಿನದ ಸಾಲು ಓದಿದೆ. 'ಪೀಕಾಕ್ ಬಾಸ್, ಒಂದು. ಮರಿಗಳಿದ್ದವು. ಟೇಪು ನೀರಿಗೆ ಬಿತ್ತು.' ಬೀಳಿಸಿದ್ದು ಯಾರೆಂದು ಬರೆದಿರಲಿಲ್ಲ. ಪ್ರತಿಯೊಂದಕ್ಕೂ ಕಾರಣ ಬರೆಯುವ ಮನುಷ್ಯ. ನಾನು ನೋಟ್‌ಬುಕ್ಕು ಮುಚ್ಚಿ ಅವರ ಚೀಲದೊಳಗಿಟ್ಟೆ.

ಮಾರನೆಯ ವರ್ಷ ಅವರು ನಿವೃತ್ತರಾದರು. ಮೈಸೂರಿಗೆ ಹೊರಟರು. ಚಾಂಗಿ ವಿಮಾನ ನಿಲ್ದಾಣಕ್ಕೆ ನಾನೂ ಸುಮತಿಯೂ ಹೋಗಿದ್ದೆವು. ಜಯಾ ಆಂಟಿ ಸುಮತಿಯನ್ನು ತಬ್ಬಿಕೊಂಡು ಅತ್ತರು. "ಹೋಗಿ ಬರ್ತೀವಮ್ಮಾ" ಎಂದರು. ಶ್ರೀಕಂಠಯ್ಯನವರು ನನ್ನ ಕೈ ಹಿಡಿದುಕೊಂಡರು.

"ಹೋಗ್ತೀನಿ ಪ್ರಭಾಕರ್."

"ಏನ್ರೀ ಅದು ಅಪಶಕುನದ ಮಾತು!" ಎಂದು ಆಂಟಿ ಕಣ್ಣೊರೆಸಿಕೊಳ್ಳುತ್ತಲೇ ಗದರಿದರು. "ಹೋಗಿ ಬರ್ತೀನಿ ಅನ್ನಿ."

ಅವರು ಹೇಳಲು ಹೊರಟರು. ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಏನೋ ಅಡ್ಡ ಬಂದು, ಯೋಚಿಸುತ್ತ ನಿಂತರು. ಹಿಂದೆ ಸಾಲು ಬೆಳೆಯುತ್ತಿತ್ತು.

"ಬರೋದು ಗ್ಯಾರಂಟಿ ಇಲ್ವಲ್ಲೇ," ಎಂದರು ಹೆಂಡತಿಗೆ, ಮೆಲ್ಲಗೆ.

ಸುಮತಿ ಅಷ್ಟೊತ್ತು ಅಳು ತಡೆದುಕೊಂಡಿದ್ದವಳು ಫಕ್ಕನೆ ನಕ್ಕುಬಿಟ್ಟಳು. ಆಮೇಲೆ ನಗುವಿನ ನಡುವೆಯೇ ಅತ್ತಳು. ಅವರು ನನ್ನ ಕೈಯನ್ನು ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ, ಪಾಸ್‌ಪೋರ್ಟು ಸರಿಯಿದೆಯೇ ಎಂದು ಮೂರನೆಯ ಸಲ ನೋಡಿಕೊಂಡು, ಒಳಗೆ ನಡೆದರು.

ಅವರು ಮತ್ತೆ ಬರಲಿಲ್ಲ.