ಐಟಿ ಅಂದರೆ ಐಟಿಐ

ಟಿಂಗ್... ಟಿಂಗ್... ಟಿಂಗ್. ಪಿಯಾನೊದ ಒಂದೇ ಕೀಯನ್ನು ಬಿಡದೆ ಒತ್ತುವ ಸದ್ದು. ಮೊನ್ನೆ ಧೂಳು ಒರೆಸುವಾಗ ಕೈ ತಗುಲಿ ಒಂದು ಸ್ವರ ಹೊರಟಿತು, ಅಷ್ಟೇ, ಆ ಲಾಕ್‌ಡೌನಿನ ದಿನಗಳೆಲ್ಲ ಕಿವಿಗೆ ಬಂದವು.

ಅಮೆರಿಕದ ಈ ಫೇರ್‌ಫ್ಯಾಕ್ಸ್‌ನಲ್ಲಿ ಪಕ್ಕದ ಮನೆಯವರೂ ಕನ್ನಡದವರೇ. ಅವರ ಮಗಳು ಹೈಸ್ಕೂಲ್ ಹುಡುಗಿ. ಮಾಸ್ಕ್ ಹಾಕಿಕೊಂಡು ಬಂದು, ನನ್ನ ಹಳೆಯ ಪಿಯಾನೊದ ಮುಚ್ಚಳ ತೆಗೆದು, ಕೀ ಒತ್ತಿ ಒತ್ತಿ ಕೇಳುತ್ತ, ಒಂದೊಂದೇ ತಂತಿ ಬಿಗಿ ಮಾಡಿ ಶ್ರುತಿ ಕೂಡಿಸುತ್ತಿದ್ದಳು. ಕಲಿತದ್ದೆಲ್ಲ ವಿಡಿಯೊ ನೋಡಿ. ಕಾನ್ವೆಂಟಿನಲ್ಲಿ ನನಗೆ ಪಿಯಾನೊ ಹೇಳಿಕೊಟ್ಟ ಸಿಸ್ಟರ್‌ಗೂ ಅಂಥ ಕಿವಿ ಇರಲಿಲ್ಲ...

ಸ್ಕೂಲಿನಲ್ಲಿ ಜಪಾನೀಸ್ ಓದಿದ್ದಳು. ಮುಗಿದ ಮೇಲೆ ಜಪಾನಿನ ಒಂದು ವೊಕೇಶನಲ್ ಸ್ಕೂಲಿಗೆ ಅಪ್ಲೈ ಮಾಡಲು ಹೊರಟಳು. ಎರಡು ವರ್ಷದ ಪಿಯಾನೊ ಟ್ಯೂನಿಂಗ್ ಕೋರ್ಸ್. ಅಲ್ಲೇ ಐಟಿಯೂ ಇತ್ತು. ಅಪ್ಪನ ಹಟ ಅದಕ್ಕೆ.

"ಅಜ್ಜಿ, ಪ್ಲೀಸ್, ನೀವು ಅಪ್ಪಂಗೆ ಹೇಳಿ. ನಿಮ್ ಮಾತು ಹಿ ಲಿಸನ್ಸ್," ಎಂದಳು. ಪ್ರಾಮಿಸ್ ಎಂದೆ.

ಭಾನುವಾರ ಅಪ್ಪ, ಅಮ್ಮ, ಮಗಳು ಮೂವರೂ ಕಾಫಿಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅವರಪ್ಪ ಶುರು ಮಾಡಿದ. "ನೋಡಿ ಆಂಟಿ, ಐಟಿ ತಗೊಳ್ಳೇ ಅಂದ್ರೆ ಐಟಿಐ ತಗೋತೀನಿ ಅಂತಾಳೆ! ಸ್ಪ್ಯಾನರ್ ಹಿಡ್ಕೊಂಡು ಮನೆಮನೆ ಸುತ್ತೋಕಾ ನಾವು ಇಲ್ಲಿಗ್ ಬಂದಿದ್ದು?"

ನನಗೆ ನಗು ತಡೆಯಲಾಗಲಿಲ್ಲ. ಕಾಫಿ ನೆತ್ತಿಗೇರಿತು.

ಇಲ್ಲಿ ಹುಟ್ಟಿದ ಮಗು, ಅವಳಿಗೇನು ಗೊತ್ತು. "ಅಜ್ಜಿ, ವಾಟ್ಸ್ ಐಟಿಐ?"

"ಓದು ತಲೆಗೆ ಹತ್ತದವರು ಹೋಗೋ ಸ್ಕೂಲು ಕಣೇ," ಎಂದುಬಿಟ್ಟೆ, ಇನ್ನೂ ನಗುತ್ತಲೇ.

"ನೋಡು, ಅಜ್ಜೀನೇ ಹೇಳ್ತಿದಾರೆ," ಎಂದ ಅವರಪ್ಪ. ಅವಳು ಫೋನ್ ತೆಗೆದು, ಫಾರಮ್ಮಿನಲ್ಲಿ ಐಟಿ ಒತ್ತಿ, ಸ್ಕ್ರೀನನ್ನು ಅವನಿಗೆ ತೋರಿಸಿದಳು.

ಇವತ್ತಿಗೂ ಮೈ ಉರಿಯುತ್ತದೆ. ಸಿಂಕ್ ಕಟ್ಟಿಕೊಂಡರೆ ಪ್ಲಂಬರ್‌ಗೆ ಸರ್ ಸರ್ ಎಂದು ಹಲ್ಲು ಗಿಂಜುತ್ತಿದ್ದ ಮನುಷ್ಯ ಅವನು! ಮಗಳ ಪರ ನಿಲ್ಲದೆ ಬಿಸ್ಕತ್ತು ಅದ್ದಿಕೊಂಡು ಕೂತಿದ್ದಳು ಅವನ ಹೆಂಡತಿ. ಅವರನ್ನು ಬೈಯಲು ನನಗೆ ಯಾವ ಮುಖ? ಮಾತು ಕೊಟ್ಟವಳು ನಾನು. ಆ ಮಗುವಿನ ಎದುರಿಗೇ ಹಲ್ಲು ಬಿಟ್ಟವಳೂ ನಾನು. ಸ್ಟುಪಿಡ್ ಓಲ್ಡ್ ವುಮನ್.

ಅವರು ಮನೆ ಮಾರಿ ಶಾರ್ಲೆಟ್ ಕಡೆ ಹೋಗಿ ಎರಡು ವರ್ಷವಾಯಿತು. ಪಿಯಾನೊ ಅಪಸ್ವರ ಹಿಡಿದಿದೆ. ಬೇರೆ ಯಾರನ್ನೂ ಕರೆಸುವ ಮನಸ್ಸಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಜಪಾನಿಗೆ ಹೊರಟ ಬೆಳಿಗ್ಗೆ, ಅವರ ಡ್ರೈವ್‌ವೇಯಲ್ಲಿ. ಸೂಟ್‌ಕೇಸು ಕಾರಿಗೆ ಎತ್ತಿಡುತ್ತಿದ್ದಳು. ಸಾರಿ ಎನ್ನಬೇಕೆಂದೇ ಹೋದೆ... ಬಾಯಿಂದ ಬಂದದ್ದು "ಆಲ್ ದಿ ಬೆಸ್ಟ್." ಅವಳು ಕೈ ಒರೆಸಿಕೊಂಡು ಬಂದು, ಯಾರೋ ಹೊರಗಿನ ಹಿರಿಯರಿಗೆಂಬಂತೆ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅಷ್ಟು ಮರ್ಯಾದೆ ಅವಳು ನನಗೆ ಎಂದೂ ಕೊಟ್ಟಿರಲಿಲ್ಲ.