ನೀರುಗಂಟಿ ಹುಡುಕಿಕೊಟ್ಟ ನೆಟ್

ಎರಡು ವರ್ಷದ ಹಿಂದಿನ ಮಾತು. ಆಯುಧಪೂಜೆ, ವಿಜಯದಶಮಿ ಎರಡೂ ಮುಗಿದು ಅಂಗಡಿ ತೆರೆದ ದಿನ. ಗುಮ್ಮಳಾಪುರದಲ್ಲಿ ನನ್ನದೊಂದು ಪುಟ್ಟ ಕಂಪ್ಯೂಟರ್ ಅಂಗಡಿಯಿದೆ. ಮೂರು ಕಂಪ್ಯೂಟರ್, ಜೆರಾಕ್ಸು ಸ್ಕ್ಯಾನು ಎಲ್ಲ ಮಾಡುವ ಒಂದು ಪ್ರಿಂಟರ್. ಜನರಿಗೆ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ನಮ್ಮ ಯಜಮಾನರು ಹೊಸೂರಿನ ಫ್ಯಾಕ್ಟರಿಗೆ ಹೋಗುತ್ತಾರೆ. ಅಂಗಡಿಗೆ ನಾನೊಬ್ಬಳೇ ದಿಕ್ಕು.

ನನಗೆ ಶುಚಿಯ ಗೀಳು. ಹಬ್ಬದ ದಿನ ವೈರುಗಳನ್ನೆಲ್ಲ ಕಿತ್ತು, ಒರೆಸಿ, ಒಂದೊಂದು ತುದಿಗೂ ಅರಿಶಿನ ಕುಂಕುಮ ಇಟ್ಟಿದ್ದೆ. ಪೂಜೆಯಾದ ಮೇಲೆ ಒಂದು ತುದಿಯೂ ನೇತಾಡದ ಹಾಗೆ ಎಲ್ಲವನ್ನೂ ಸ್ವಿಚ್ ಪೆಟ್ಟಿಗೆಗೆ ಸಿಕ್ಕಿಸಿದೆ. ಸ್ವಿಚ್ ಅಂದರೆ ಗೋಡೆಯದಲ್ಲ. ಹೊರಗಿಂದ ಬಂದ ನೆಟ್ಟನ್ನು ಕಂಪ್ಯೂಟರುಗಳಿಗೂ ಪ್ರಿಂಟರಿಗೂ ಹಂಚುವ ಎಂಟು ತೂತಿನ ಡಬ್ಬಿ. ಅದರ ಅಂದ ನೋಡಿ ನನಗೇ ಹೆಮ್ಮೆಯಾಗಿತ್ತು.

ಮಧ್ಯಾಹ್ನ ಎರಡು ಗಂಟೆಗೆ ರತ್ನಮ್ಮ ಬಂದಳು. ನಮ್ಮೂರಿನ ಮಗಳೇ, ಅಂಚೆಟ್ಟಿ ಕಡೆಗೆ ಕೊಟ್ಟಿದ್ದಾರೆ. ಹಬ್ಬಕ್ಕೆ ತವರಿಗೆ ಬಂದಿದ್ದವಳು ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬೇಕಿತ್ತು. ಅವತ್ತೇ ಕೊನೆಯ ದಿನ, ಸಂಜೆ ಐದಕ್ಕೆ ಮುಗಿಯುತ್ತಿತ್ತು. ಆ ವರ್ಷ ತಪ್ಪಿದರೆ ಅವಳಿಗೆ ವಯಸ್ಸು ದಾಟುತ್ತಿತ್ತು.

"ಮನೇಲಿ ಬ್ಯಾರೆ ಕಡೆ ಹಾಕ್ಸು ಅಂದ್ರು ಅಕ್ಕಾ. ನಿಮ್ಮ ಕೈಲೇ ಹಾಕ್ಸಾನ ಅಂತ ಕಾದೆ" ಅಂದಳು.

ಕಂಪ್ಯೂಟರ್ ಹಾಕಿದರೆ ನೆಟ್ ಇಲ್ಲ. ಸ್ವಿಚ್ಚಿನ ದೀಪಗಳು ಮಾತ್ರ ದೆವ್ವ ಹಿಡಿದವರಂತೆ ಮಿಣಮಿಣ ಕುಣಿಯುತ್ತಿವೆ. ಆಫ್ ಮಾಡಿದೆ, ಆನ್ ಮಾಡಿದೆ. ಈ ವೈರನ್ನು ಅಲ್ಲಿಗೆ, ಆ ವೈರನ್ನು ಇಲ್ಲಿಗೆ ಬದಲಿಸಿದೆ. ಮೊಬೈಲಿನಿಂದ ನೆಟ್ ಕೊಡೋಣವೆಂದರೆ ಅಂಗಡಿಯೊಳಗೆ ಸಿಗ್ನಲ್ ಒಂದೇ ಕಡ್ಡಿ. ಅರ್ಜಿಯ ಪುಟವೇ ತೆರೆಯಲಿಲ್ಲ. ನೆಟ್ ಕಂಪನಿಗೆ ಫೋನ್ ಮಾಡಿ ಕೂಗಾಡಿದೆ. ಆ ಕಡೆಯವನು ತಮಿಳಿನಲ್ಲಿ, ತಮ್ಮ ಲೈನ್ ಸರಿಯಾಗಿದೆ, ತೊಂದರೆ ನಿಮ್ಮ ಅಂಗಡಿಯೊಳಗೇ ಇದೆ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವನಿಗೇ ಬೈದು ಫೋನಿಟ್ಟೆ.

ಮೂರೂವರೆ ಆಯಿತು. ರತ್ನಮ್ಮ ಸರ್ಟಿಫಿಕೇಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದಳು. ಬೈದಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅಷ್ಟರಲ್ಲಿ ರೇಷನ್ ಕಾರ್ಡಿನ ಜೆರಾಕ್ಸಿಗೆಂದು ಮುನಿಯಪ್ಪಣ್ಣ ಬಂದ. ನಮ್ಮೂರಿನ ನೀರುಗಂಟಿ, ಯಾವ ಬೀದಿಗೆ ಯಾವಾಗ ನೀರು ಬಿಡಬೇಕೆನ್ನುವುದು ಅವನ ಕೈಯಲ್ಲಿ. ನಾನು ಎರಡೂ ಕೈಯಲ್ಲಿ ವೈರು ಹಿಡಿದು ನಿಂತದ್ದನ್ನು ನೋಡಿ ನಕ್ಕ.

"ಅದ್ಯಾಕಮ್ಮ ಹಂಗೆ ಒದ್ದಾಡ್ತೀಯ? ನೀರು ಬರ್ನಿಲ್ಲ ಅಂದ್ರೆ ನಾನು ಊರ್ನೆಲ್ಲ ಅಗೀತೀನಾ?"

"ಇದು ನೀರಲ್ಲ ಮುನಿಯಪ್ಪಣ್ಣ, ನೆಟ್ಟು."

"ಏನಾರಾ ಆಗ್ಲಿ. ಎಲ್ಲಿಂದ ಬತ್ತದೆ, ಎಲ್ಲಿಗೆ ಹೋಯ್ತದೆ ಅಷ್ಟೇ ತಾನೆ? ಮೊದ್ಲು ಎಲ್ಲಾ ವಾಲ್ವೂ ಮುಚ್ಚು. ಆಮ್ಯಾಕೆ ಒಂದೊಂದೇ ಬಿಡು. ಒಂದು ಬಿಟ್ಟು ನೋಡ್ದೆ ಇನ್ನೊಂದು ಮುಟ್ಬ್ಯಾಡ."

ಬೇರೆ ದಾರಿಯಿರಲಿಲ್ಲ. ಏಳು ತುದಿಗಳನ್ನೂ ಕಿತ್ತೆ. ಹೊರಗಿನಿಂದ ಬರುವ ವೈರು ಗೊತ್ತಿತ್ತು. ಮೊದಲು ಅದನ್ನು ಹಾಕಿದೆ. ಉಳಿದವೆಲ್ಲ ಒಂದೇ ನೀಲಿ ಬಣ್ಣ, ಯಾವುದು ಯಾವುದರದೋ ತಿಳಿಯದು. ಎರಡನೆಯದು ಹಾಕುತ್ತಲೇ ಒಂದು ಕಂಪ್ಯೂಟರಿನಲ್ಲಿ ನೆಟ್ ಬಂತು. ಖುಷಿಗೆ ಉಳಿದದ್ದನ್ನೆಲ್ಲ ಬಾಚಿಕೊಂಡೆ. "ಒಂದೇ ಅಂದ್ನಲ್ಲಮ್ಮ" ಎಂದು ಮುನಿಯಪ್ಪಣ್ಣ ಗದರಿದ. ಸರ್ಟಿಫಿಕೇಟ್ ಸ್ಕ್ಯಾನ್ ಮಾಡದೆ ಅರ್ಜಿ ಹೋಗುವುದಿಲ್ಲ, ಪ್ರಿಂಟರಿನ ವೈರು ಇನ್ನೂ ಸಿಕ್ಕಿಲ್ಲ, ನನಗೋ ಅವಸರ. ಆದರೂ ಬಾಯಿ ಮುಚ್ಚಿಕೊಂಡು ಹೇಳಿದ ಹಾಗೆ ಮಾಡಿದೆ. ಮೂರನೆಯದು ಸರಿ. ನಾಲ್ಕನೆಯದಕ್ಕೆ ದೀಪವೇ ಹತ್ತಲಿಲ್ಲ. ಐದನೆಯದು ಸರಿ. ಆರನೆಯದು ಸಿಕ್ಕಿಸಿದೆ ನೋಡಿ, ಎಲ್ಲ ದೀಪಗಳೂ ಮತ್ತೆ ಕುಣಿದವು, ನೆಟ್ ಮಾಯ.

"ಕಿತ್ತಾಕು ಅದ್ನ" ಅಂದ. ಕಿತ್ತೆ. ನೆಟ್ ಮರಳಿ ಬಂತು.

"ಇವ್ನೇ ಕಳ್ಳ. ಹೊರಗಿಕ್ಕು. ಮೊದ್ಲು ರತ್ನಮ್ಮನ ಕೆಲ್ಸ ನೋಡು."

ಏಳನೆಯದು ಪ್ರಿಂಟರಿನದು. ಸ್ಕ್ಯಾನ್ ಮಾಡಿ, ಹೆಸರು ತಪ್ಪದೆ ತುಂಬಿ, ಐದಕ್ಕೆ ಹದಿನೈದು ನಿಮಿಷ ಇರುವಾಗ ಅರ್ಜಿ ಕಳಿಸಿದೆ. ರಸೀದಿ ಪ್ರಿಂಟಾಗಿ ಹೊರಗೆ ಬಂದಾಗ ರತ್ನಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಅತ್ತುಬಿಟ್ಟಳು. ನಾನೂ ಅತ್ತೆ.

ನಮ್ಮ ಅಳು ಮುಗಿಯುವಷ್ಟರಲ್ಲಿ ಮುನಿಯಪ್ಪಣ್ಣ ಆ ಕಳ್ಳ ವೈರನ್ನು ಬೆರಳಲ್ಲಿ ಹಿಡಿದು, ಪೈಪಿನ ಜಾಡು ನೋಡುವ ಹಾಗೆ ಮೇಜಿನ ಹಿಂದೆಲ್ಲ ಹೋಗಿದ್ದ. ಹೋದವನು ಸುತ್ತಿ ಬಂದು ನಿಂತದ್ದು ಮತ್ತೆ ಅದೇ ಸ್ವಿಚ್ಚಿನ ಮುಂದೆ. ಇನ್ನೊಂದು ತುದಿ ದೀಪ ಹತ್ತದ ಆ ನಾಲ್ಕನೆಯ ತೂತಿನಲ್ಲಿತ್ತು. ಹಿಂದೆ ಯಾವಾಗಲೋ ಒಂದು ಕಂಪ್ಯೂಟರ್ ತೆಗೆದಾಗ ಉಳಿದಿದ್ದ ವೈರು. ಹಬ್ಬದ ದಿನ ನೇತಾಡುತ್ತಿದೆಯೆಂದು ಅದರ ಎರಡೂ ತುದಿಯನ್ನು ನಾನೇ ಒಂದೇ ಡಬ್ಬಿಗೆ ಸಿಕ್ಕಿಸಿದ್ದೆ. ಎರಡಕ್ಕೂ ನಾನೇ ಇಟ್ಟ ಕುಂಕುಮ.

"ಅಲ್ಲಾ ಸುಧಮ್ಮ, ತೊಟ್ಟಿ ನೀರ್ನ ತೊಟ್ಟಿಗೇ ಬಿಟ್ರೆ ಊರಿಗೆ ಯಂಗಮ್ಮ ಬತ್ತದೆ?"

ನಾಚಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಬ್ಬದ ಕಡಲೆಪುರಿ ಇನ್ನೂ ಉಳಿದಿತ್ತು. ಅದನ್ನೇ ಹಂಚಿಕೊಂಡು ತಿಂದೆವು. ಕಂಪನಿಯವನಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. ಅವನೂ ನಕ್ಕ.

ಈಗ ನನ್ನ ಪ್ರತಿ ವೈರಿಗೂ ಹೆಸರು ಬರೆದ ಚೀಟಿಯಿದೆ. ಏನು ಕೆಟ್ಟರೂ ಒಂದೊಂದೇ ನೋಡುತ್ತೇನೆ. ಮನೆಯ ಜಗಳದಲ್ಲೂ ಅದನ್ನೇ ಮಾಡಿದರೆ ಒಳ್ಳೆಯದೆಂದು ನಮ್ಮ ಯಜಮಾನರು ಹೇಳುತ್ತಾರೆ. ರತ್ನಮ್ಮನಿಗೆ ಕೆಲಸ ಸಿಕ್ಕಿತು. ಕಳೆದ ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ, ನಾನು ವೈರು ಒರೆಸಲು ಬಟ್ಟೆ ಒದ್ದೆ ಮಾಡಿಕೊಂಡು ನಿಂತಿರುವಾಗ, ಅವಳ ಫೋನ್ ಬಂತು. ಹಿಂದೆ ಅಂಗನವಾಡಿ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಅಕ್ಕಾ, ಪೂಜೆ ಎಷ್ಟು ಬೇಕಾದ್ರೂ ಮಾಡ್ಕಳಿ. ವೈರ್ ಮಾತ್ರ ಕೀಳ್ಬ್ಯಾಡಿ."