ವಡಾಲದ ಚಾಳಿನ ಹಿಂದೆ ಬಾವಿ

"ನಮ್ಮ ಮನೆಯ ಹಿಂದೆ ಒಂದು ಬಾವಿ ಇದೆ. ಅದರ ನೀರು ಸಿಹಿಯಾಗಿದೆ" ಎಂದು ಅಕ್ಷತಾ ಓದುತ್ತಿದ್ದಂತೆ ನಾನು ತಡೆದೆ. ಅವಳ ಮನೆ ವಡಾಲದ ಚಾಳಿನಲ್ಲಿ, ಮಹಾನಗರದ ಒಂದೊಂದೇ ಕೋಣೆಯ ಮನೆಗಳ ಸಾಲಿನಲ್ಲಿ; ಅಲ್ಲಿ ಬಾವಿ ಎಲ್ಲಿಯದು? ಭಾನುವಾರದ ನನ್ನ ಕನ್ನಡ ಕ್ಲಾಸಿನಲ್ಲಿ 'ನನ್ನ ಮನೆ' ಎಂದು ಬರೆಸಿದರೆ ಎಲ್ಲ ಮಕ್ಕಳೂ ಗೈಡ್ ಪುಸ್ತಕದ ಮಾದರಿ ಪ್ರಬಂಧದಲ್ಲಿರುವ ಬಾವಿಯನ್ನೇ ಬರೆಯುತ್ತಾರೆ.

"ನಿಜವಾಗಿ ಹಿಂದೆ ಏನುಂಟು?" ಎಂದು ಕೇಳಿದೆ.

ಅವಳು ತಡವರಿಸುತ್ತ ಹೇಳಿದಳು: "ಟ್ರೇನ್ ಲೈನ್, ಟೀಚರ್. ಲೋಕಲ್ ಬಂದ್ರೆ ಅಮ್ಮ ಬೈಯೋದು ಸ್ಟಾಪ್ ಮಾಡ್ತಾರೆ. ಹೋದ ಮೇಲೆ ಅಲ್ಲಿಂದಾನೇ ಫಿರ್‌ಸೆ ಚಾಲೂ."

ಕ್ಲಾಸೆಲ್ಲ ನಕ್ಕಿತು. ಅದನ್ನೇ ಬರಿ ಎಂದೆ. ಅರ್ಧ ಪುಟ ಬರೆದಳು. ಕಾಗುಣಿತದ ತಪ್ಪು ಬೇಕಾದಷ್ಟಿತ್ತು, ಆದರೆ ಓದುವಾಗ ಅವಳ ಅಮ್ಮನ ದನಿಯೇ ಕೇಳಿಸಿತು.

ಮುಂದಿನ ಶಿಕ್ಷಕರ ಸಭೆಯಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳಿ, ಇನ್ನು ಗೈಡ್ ನೋಡಿ ಬರೆಸುವುದು ಬೇಡ, ಮೊದಲು ಮಕ್ಕಳನ್ನು ಮಾತಾಡಿಸೋಣ ಎಂದೆ. ಧಾರವಾಡ ಕಡೆಯ ಹಿರಿಯ ಮೇಷ್ಟ್ರು ಒಪ್ಪಲಿಲ್ಲ. "ತಪ್ಪು ಭಾಳ ಆಗ್ತಾವ್ರಿ, ಮೇಡಂ."

"ಆಗ್ಲಿ ಸರ್, ತಿದ್ಲಿಕ್ಕೆ ನಾವಿದ್ದೇವಲ್ಲ."

ಈಗ ನನ್ನ ಕ್ಲಾಸಿನಲ್ಲಿ ಗೈಡಿಗೆ ಜಾಗವಿಲ್ಲ. ಬಾವಿ ಇರುವ ಮನೆಯಿಂದ ಒಂದು ಮಗು ಬರಲಿ, ಆಗ ಬಾವಿಯ ಬಗ್ಗೆ ಬರೆಸುತ್ತೇನೆ.